ಏಳುನೂರು ಕಿಲೋಮೀಟರಿನ ನೇರ ಗೆರೆ

ಎರಡು ಊರುಗಳ ನಡುವಿನ ದೂರ ಅಳೆಯುವುದು ನನ್ನ ಹಳೆಯ ಚಟ. ಮುಂಬೈಯ ಭಾಂಡುಪ್‌ನಿಂದ ಪರೇಲ್‌ನ ಆಫೀಸಿಗೆ ಲೋಕಲ್ ರೈಲಿನಲ್ಲಿ ನೇತಾಡುತ್ತಾ ಹೋಗುವವನು ನಾನು. ಮೊಬೈಲಿನ ನಕ್ಷೆಯಲ್ಲಿ ಎರಡು ಏರ್‌ಪೋರ್ಟ್‌ಗಳ ನಡುವೆ ಗೆರೆ ಎಳೆದು, ಇಷ್ಟು ಕಿಲೋಮೀಟರ್, ಇಷ್ಟು ಹೊತ್ತಿನ ಹಾರಾಟ ಎಂದು ಪಕ್ಕದವರಿಗೆ ಹೇಳುವುದರಲ್ಲಿ ಅದೇನೋ ದೊಡ್ಡಸ್ತಿಕೆ. ನಾನು ವಿಮಾನ ಹತ್ತಿದ್ದು ಮಾತ್ರ ಎರಡೇ ಸಲ.

ಮಾವ ತೀರಿಕೊಂಡರೆಂದು ಬೆಳಿಗ್ಗೆ ಏಳಕ್ಕೆ ಉಡುಪಿಯ ಆಚೆಯ ನಮ್ಮ ಊರಿನಿಂದ ತಂಗಿ ಫೋನ್ ಮಾಡಿದಾಗಲೂ ನಾನು ಮಾಡಿದ್ದು ಅದನ್ನೇ. ಮಾವ ಎಂದರೆ ಅಮ್ಮನ ಅಣ್ಣ, ಮಕ್ಕಳಿಲ್ಲದವರು. ನಮ್ಮಲ್ಲಿ ಅಂಥವರ ಚಿತೆಗೆ ಬೆಂಕಿ ಇಡುವವನು ಅಳಿಯ, ಅಂದರೆ ಸಹೋದರಿಯ ಮಗ. ದಹನ ಮುಗಿಯುವವರೆಗೆ ಮನೆಯಲ್ಲಿ ಒಲೆ ಹೊತ್ತಿಸುವ ಹಾಗಿಲ್ಲ, ಮನೆಯವರು ಬಾಯಿಗೆ ಏನೂ ಹಾಕುವ ಹಾಗಿಲ್ಲ.

“ಎಷ್ಟೊತ್ತಿಗೆ ಮುಟ್ತೀ ಅಣ್ಣ? ಅತ್ತೆಗೆ ಸಕ್ಕರೆ ಕಾಯಿಲೆ, ತುಂಬಾ ಹೊತ್ತು ಉಪವಾಸ ಇರ್ಲಿಕ್ಕೆ ಆಗುದಿಲ್ಲ. ತಡ ಆಗುದಾದ್ರೆ ಹೇಳು, ಚಿಕ್ಕಮ್ಮನ ಮಗ ಇಲ್ಲೇ ಇದ್ದಾನೆ, ಅವನ ಕೈಯಲ್ಲೇ ಮಾಡಿಸ್ತೇವೆ.”

ಮುಂಬೈಯಿಂದ ಮಂಗಳೂರಿಗೆ ಗೆರೆ ಎಳೆದೆ. ಏಳುನೂರು ಚಿಲ್ಲರೆ ಕಿಲೋಮೀಟರ್, ಒಂದೂವರೆ ಗಂಟೆ.

“ಹನ್ನೆರಡಕ್ಕೆಲ್ಲ ಅಲ್ಲಿರ್ತೇನೆ ಮಾರಾಯ್ತಿ. ಕಾಯಿರಿ,” ಎಂದೆ.

ಆ ಗೆರೆಯಲ್ಲಿ ಏರ್‌ಪೋರ್ಟ್ ದಾರಿಯ ಟ್ರಾಫಿಕ್ ಇರಲಿಲ್ಲ, ಸೀಟು ಖಾಲಿ ಇದೆಯೋ ಇಲ್ಲವೋ ಎಂಬುದೂ ಇರಲಿಲ್ಲ. ಸಿಕ್ಕಿದ್ದು ಮಧ್ಯಾಹ್ನ ಎರಡು ಗಂಟೆಯ ವಿಮಾನ. ಗೊತ್ತಾದ ಕೂಡಲೇ ಹೇಳಬೇಕಿತ್ತು, ಹೇಳಲಿಲ್ಲ. ಮಾವನ ಕೆಲಸ ಇನ್ನೊಬ್ಬನ ಪಾಲಾಗುವುದನ್ನು ಸಹಿಸಲಾಗಲಿಲ್ಲ. ಮುಂಬೈಯ ಅಳಿಯ ಹಾರಿ ಬಂದ ಎಂದು ನಾಲ್ಕು ಜನರಿಂದ ಹೇಳಿಸಿಕೊಳ್ಳುವ ಆಸೆಯೂ ಇತ್ತು. ತಂಗಿ ಫೋನ್ ಮಾಡಿದಾಗಲೆಲ್ಲ “ಹೊರಟೆ, ಹೊರಟೆ” ಎಂದೆ. ಹಾಗೆನ್ನುತ್ತಲೇ ಏರ್‌ಪೋರ್ಟಿನಲ್ಲಿ ಕೂತು ಇಡ್ಲಿ ವಡೆ ತಿಂದೆ. ಚಟ್ನಿಯನ್ನು ಇನ್ನೊಮ್ಮೆ ಕೇಳಿ ಹಾಕಿಸಿಕೊಂಡೆ.

ಮಂಗಳೂರಿನಲ್ಲಿಳಿದು ಟ್ಯಾಕ್ಸಿಯಲ್ಲಿ ಮನೆ ಮುಟ್ಟುವಾಗ ಆರು ಗಂಟೆ. ಅಂಗಳದ ಜನ ಸುಮ್ಮನೆ ದಾರಿ ಬಿಟ್ಟರು. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಗೋಡೆಗೊರಗಿ ಕೂತಿದ್ದರು, ಕೈ ನಡುಗುತ್ತಿತ್ತು. ತಂಗಿ ಸಕ್ಕರೆ ನೀರಿನ ಲೋಟ ಹಿಡಿದು ಎಷ್ಟು ಗೋಗರೆದರೂ ಬಾಯಿ ತೆರೆದಿರಲಿಲ್ಲವಂತೆ. ನನ್ನನ್ನು ನೋಡಿದ್ದೇ ಆ ಲೋಟವನ್ನು ನನ್ನತ್ತ ಸರಿಸಿದರು.

“ಅಲ್ಲಿಂದ ಇಲ್ಲಿವರೆಗೆ ಬರುದು ಅಂದ್ರೆ ಸುಮ್ನೆಯಾ? ನೀನು ಒಂದು ಗುಟುಕು ಕುಡಿ ಮಗ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇರ್ಲಿಕ್ಕಿಲ್ಲ.”

“ಬೇಡ ಅತ್ತೆ,” ಎಂದೆ.

“ನೋಡಿ, ಅವನೂ ನೀರು ಮುಟ್ಲಿಲ್ಲ,” ಎಂದು ಹಿಂದೆ ಯಾರೋ ಹೇಳಿದ್ದು ಕೇಳಿಸಿತು. ನಾಚಿಕೆಯಿಂದ ತಲೆ ತಗ್ಗಿಸಿದೆ, ಅವರು ದುಃಖ ಎಂದುಕೊಂಡರು. ತಿಂದು ಬಂದಿದ್ದೇನೆ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾವನಿಗಾಗಿ ಅಳಿಯ ಅಷ್ಟು ದೂರದಿಂದ ಉಪವಾಸವಿದ್ದು ಬಂದ ಎಂದು ಅತ್ತೆ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.