ಆಯಿ ಒಳಗಿದ್ದಾಳೆ

ನಿವೃತ್ತಿಯಾದ ಮೇಲೆ ನಾನು ಎರಡು ವ್ರತ ಹಿಡಿದೆ. ಸೋಮವಾರ ಶಿವನ ಹೆಸರಿನಲ್ಲಿ ಮೌನ. ಉಳಿದ ದಿನ, ಮಾತು ಬಾರದವರ ಪರವಾಗಿ ಮಾತು.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನಿರುವುದು ಮರಾಠಿ ಸೀಮೆಯ ನಿಗಡಿಯಲ್ಲಿ. ಅದರ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಕೆಲಸ ಮಾಡುವವರು ಬಹಳ ಮಂದಿ ಕಲಬುರಗಿ, ಯಾದಗಿರಿ ಕಡೆಯವರು. ಅವರಿಗೆ ಮರಾಠಿ ಬಾರದು, ಆಸ್ಪತ್ರೆಯವರಿಗೆ ಕನ್ನಡ ಬಾರದು. ನಾನು ವಿಜಯಪುರದವನು, ಇಲ್ಲಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು, ಎರಡೂ ಬರುತ್ತವೆ. ಸರಕಾರಿ ಆಸ್ಪತ್ರೆಗೆ ಅವರ ಜೊತೆ ಹೋಗಿ, ಹೊಟ್ಟೆನೋವು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಳುತ್ತಿದ್ದೆ. ದೇವರು ಎರಡು ಭಾಷೆ ಕೊಟ್ಟಿದ್ದು ಇದಕ್ಕೇ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಬೇರೆಯವರೂ ನಂಬಲಿ ಎಂದು ಆಗಾಗ ಹೇಳುತ್ತಲೂ ಇದ್ದೆ.

ಮೌನವನ್ನು ಒಂಬತ್ತು ವರ್ಷ ಒಂದು ಸೋಮವಾರವೂ ತಪ್ಪಿಸಿರಲಿಲ್ಲ. ಗ್ಯಾಸ್ ತರುವವನಿಗೂ ಗೊತ್ತಿತ್ತು, ಆ ದಿನ ಅವನು ಹೆಂಡತಿಯನ್ನೇ ಕೇಳುತ್ತಿದ್ದ. ಕಿಸೆಯಲ್ಲಿ ಸಣ್ಣ ನೋಟ್‌ಬುಕ್ಕು, ಪೆನ್ನು ಇರುತ್ತಿದ್ದವು. ನಮ್ಮ ಗುಡಿಯ ಭಜನಾ ಮಂಡಳಿಯವರು ಹೊಸಬರಿಗೆ ನನ್ನನ್ನು ಪರಿಚಯಿಸುವಾಗ ಮೊದಲು ಇದನ್ನೇ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ. ಹೆಂಡತಿ ಮಾತ್ರ, "ಸೋಮಾರ ನನಗೂ ಒಂದಿನ ಸೂಟಿ ರೀ" ಅನ್ನುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಮಂಡಳಿಯವರೊಬ್ಬರು ಇಬ್ಬರು ಹೆಂಗಸರನ್ನು ಮನೆಗೆ ಕರೆದುಕೊಂಡು ಬಂದರು. ಅಜ್ಜಿ ಮತ್ತು ತಾಯಿ. ತಾಯಿಯ ಕಂಕುಳಲ್ಲಿ ನಾಲ್ಕು ತಿಂಗಳ ಕೂಸು, ಎದೆಯಲ್ಲಿ ಕಫ ಗೊರಗೊರ ಅನ್ನುತ್ತಿತ್ತು. ಆಧಾರ್ ಕಾರ್ಡು ಕಟ್ಟಡದ ಬಳಿ ಅವರು ಇರುವ ಶೆಡ್ಡಿನಲ್ಲೇ ಉಳಿದಿತ್ತು. ತಾಯಿ ಅದನ್ನು ತರಲು ಹಿಂದಕ್ಕೆ ಹೋಗುವುದು, ಅಜ್ಜಿ ಕೂಸನ್ನು ಎತ್ತಿಕೊಂಡು ನನ್ನ ಜೊತೆ ಆಸ್ಪತ್ರೆಗೆ ಬರುವುದು ಎಂದು ಮಂಡಳಿಯವರೇ ಹೇಳಿದರು, ನನ್ನ ವ್ರತದ ಮಾತು ಮಾತ್ರ ಎತ್ತಲಿಲ್ಲ. ಹೋಗುವುದಕ್ಕೆ ಬಾಯಿ ಬೇಕಿಲ್ಲ, ನೋಟ್‌ಬುಕ್ಕಿದೆ. ಒಂದೇ ದಿನ ಎರಡೂ ಪುಣ್ಯ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ಡಾಕ್ಟರು ನೋಡಿದ ತಕ್ಷಣ ಕೂಸನ್ನು ಸೇರಿಸಿಕೊಂಡರು. ಮಕ್ಕಳ ವಾರ್ಡಿಗೆ ತಾಯಿಯೊಬ್ಬಳನ್ನೇ ಬಿಡುವುದು, ಅದಕ್ಕೊಂದು ಪಾಸು. ಮಗುವಿಗೆ ನೀನು ಏನಾಗಬೇಕು ಎಂದು ನರ್ಸು ಅಜ್ಜಿಯನ್ನು ಮರಾಠಿಯಲ್ಲಿ ಕೇಳಿದಳು. ಕೈಸನ್ನೆ ನೋಡಿ ಅಜ್ಜಿಗೆ ಅರ್ಥವಾಯಿತು.

"ಆಯಿ" ಅಂದಳು.

ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನಮ್ಮ ಕಡೆ ನಲವತ್ತಕ್ಕೇ ಆಯಿಯಾಗುವುದು ಹೊಸದೇನಲ್ಲ, ಈಕೆಗೂ ಅಷ್ಟೇ ವಯಸ್ಸು. ನರ್ಸು ಖಾತ್ರಿಗೆಂದು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಕೆ ಹೇಳಿದ್ದು ಸುಳ್ಳಲ್ಲವಲ್ಲ. ಪಾಸಿನ ಮೇಲೆ ತಾಯಿ ಎಂದು ಬಿದ್ದಾಗ ತಪ್ಪು ನನ್ನ ಕಣ್ಣಿಗೆ ಬಿತ್ತು. ನೋಟ್‌ಬುಕ್ಕು ತೆಗೆಯುವಷ್ಟರಲ್ಲಿ ನರ್ಸು ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದಳು. ಇರಲಿ, ನಾಳೆ ಮಂಗಳವಾರ, ಬಂದು ಬಾಯಿಂದಲೇ ಸರಿಪಡಿಸಿದರಾಯಿತು ಅಂದುಕೊಂಡೆ.

ಹನ್ನೊಂದರ ಹೊತ್ತಿಗೆ ತಾಯಿ ಕಾರ್ಡು ಹಿಡಿದು ಏದುಸಿರು ಬಿಡುತ್ತ ಬಂದಳು. ವಾರ್ಡಿನ ಬಾಗಿಲಲ್ಲಿ ಕಾವಲುಗಾರ ತಡೆದ. ಆಕೆ ಒಳಗಿನ ಕೂಸನ್ನು ತೋರಿಸುತ್ತ, "ನಾ ಅವ್ವರೀ" ಅಂದಳು. ಅವನಿಗೆ ಅವ್ವ ಎಂಬ ಮಾತು ಗೊತ್ತಿಲ್ಲ. ಅವನು ಪಟ್ಟಿ ನೋಡಿ ಮರಾಠಿಯಲ್ಲಿ, "ಆಯಿ ಆತ ಆಹೆ" ಅಂದ. ತಾಯಿ ಆಗಲೇ ಒಳಗಿದ್ದಾಳೆ ಎಂದರ್ಥ. ಆಕೆಗೆ ಆಯಿ ಎಂಬ ಮಾತೊಂದೇ ತಿಳಿಯಿತು.

"ಹೌದ್ರಿ, ಆಯಿ ಒಳಗ ಅದಾಳ್ರಿ" ಎಂದು ಜೋರಾಗಿ ತಲೆಯಾಡಿಸಿದಳು.

ಅವನೂ ಸಮಾಧಾನದಿಂದ ತಲೆಯಾಡಿಸಿದ. ಇಬ್ಬರೂ ಒಪ್ಪಿದ್ದರು. ಬಾಗಿಲು ಮಾತ್ರ ತೆರೆಯಲಿಲ್ಲ.

ನಾನು ಮರಾಠಿಯಲ್ಲಿ ಚೀಟಿ ಬರೆದೆ. ದುಂಡಗಿನ ಅಕ್ಷರದಲ್ಲಿ, ಒಳಗಿರುವವಳು ಅಜ್ಜಿ, ಇವಳು ತಾಯಿ ಎಂದು. ಕಾವಲುಗಾರ ಓದಲಿಲ್ಲ. ಔಷಧದ ಚೀಟಿಯೆಂದುಕೊಂಡು, ಕಿಟಕಿಗೆ ಕೊಡಿ ಎಂದು ಕೈ ತೋರಿಸಿದ. ಕಿಟಕಿಗೆ ಹೋದೆ. ಅಲ್ಲಿ ಸಾಲಿತ್ತು. ಸೋಮವಾರ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಭಾನುವಾರ ತಡೆದುಕೊಂಡ ಜಡ್ಡೆಲ್ಲ ಸೋಮವಾರ ಹೊರಬೀಳುತ್ತದೆ. ನನ್ನ ಸರದಿ ಬಂದಾಗ ಕಿಟಕಿಯವನು ಊಟಕ್ಕೆ ಎದ್ದ.

ವಾಪಸು ಬಂದು ಬೆಂಚಿನ ಮೇಲೆ ಕೂತು ಜಪ ಶುರುಮಾಡಿದೆ. ವಾರ್ಡಿನ ಕಿಟಕಿ ತೆರೆದಿತ್ತು. ಒಳಗೆ ಐದಾರು ಮಕ್ಕಳು ಅಳುತ್ತಿದ್ದವು. "ಅದು ನಂದರೀ" ಎಂದು ತಾಯಿ ಅವುಗಳಲ್ಲಿ ಒಂದು ದನಿಯನ್ನು ನನಗೆ ತೋರಿಸಿದಳು. ನಾನು ಸ್ವಲ್ಪ ತಾಳು ಎಂದು ಕೈಸನ್ನೆ ಮಾಡಿದೆ. ಆಕೆ ಪಕ್ಕದ ಹೆಂಗಸಿಗೆ, "ಪಾಪ, ಮುತ್ಯಾ ಮೂಕ ಅದಾನ" ಅಂದಳು. ಮುತ್ಯಾ ಅಂದರೆ ಅಜ್ಜ, ಅಂದರೆ ನಾನು. ಕೈಸನ್ನೆಯಲ್ಲಾದರೂ ಅದನ್ನು ಅಲ್ಲಗಳೆಯಬಹುದಿತ್ತು. ಅಲ್ಲಗಳೆಯಲಿಲ್ಲ.

ಒಳಗೆ ನರ್ಸು ಕೂಸಿಗೆ ಹಾಲು ಕುಡಿಸು ಎಂದು ಅಜ್ಜಿಯನ್ನು ಬೈಯುತ್ತಿದ್ದಳಂತೆ, ಅಜ್ಜಿ ತಾಯಿ ಹೊರಗಿದ್ದಾಳೆ ಎಂದು ಕನ್ನಡದಲ್ಲಿ ಅಳುತ್ತಿದ್ದಳಂತೆ. ಇದು ಆಮೇಲೆ ತಿಳಿದದ್ದು. ಹೊರಗೆ ನನಗೆ ಕಂಡದ್ದು ಇಷ್ಟು: ಆ ಹುಡುಗಿ ಎರಡೂ ಕೈ ಎದೆಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹಾಲು ಬಿಗಿದು ಕುಪ್ಪಸ ತೊಯ್ದಿತ್ತು. ಮುಚ್ಚಲು ಸೆರಗು ಹೊದ್ದಿದ್ದಳು, ಸೆರಗೂ ತೊಯ್ದಿತ್ತು. ಗೋಡೆಯ ಗಡಿಯಾರದಲ್ಲಿ ಒಂದೂವರೆ ಆಗಿತ್ತು. ನಾನು ಎರಡನೆಯ ಮಾಲೆ ಮುಗಿಸಿದ್ದೆ.

ಎದ್ದು ಕಾವಲುಗಾರನ ಹತ್ತಿರ ಹೋದೆ. ಬೆಳಿಗ್ಗೆಯಿಂದ ಮುಚ್ಚಿದ್ದ ಗಂಟಲು, ಮೊದಲು ಕೆಮ್ಮು ಬಂತು. ಆಮೇಲೆ ಮರಾಠಿಯಲ್ಲಿ ಹೇಳಿದೆ, ಇವಳು ತಾಯಿ, ಒಳಗಿರುವವಳು ಅಜ್ಜಿ.

ಅವನು ಬಾಗಿಲು ತೆರೆದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

ಆ ಹುಡುಗಿ ಒಳಗೆ ಓಡಿದವಳು ಹೊಸಿಲಲ್ಲಿ ನಿಂತು ತಿರುಗಿ ನೋಡಿದಳು. ನನ್ನ ಬಾಯಿಯನ್ನೇ ನೋಡುತ್ತ ಎರಡೂ ಕೈ ಜೋಡಿಸಿ, "ಶಿವಾ" ಅಂದಳು. ಅದು ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಎರಡು ದಿನದಲ್ಲಿ ಹೊಳೆಯಿತು. ಆಸ್ಪತ್ರೆಯ ಬಾಗಿಲಲ್ಲಿ ಮೂಕ ಮುತ್ಯಾನಿಗೆ ಬಾಯಿ ಬಂತು, ಕೂಸಿನ ಸಲುವಾಗಿ ದೇವರೇ ಮಾತಾಡಿಸಿದ ಎಂದು ನನ್ನನ್ನು ತಿಳಿಯದ ಹೊಸಬರ ಶೆಡ್ಡುಗಳಲ್ಲೆಲ್ಲ ಸುದ್ದಿ. ನಾನು ಹಾದಿಯಲ್ಲಿ ಹೋಗುವಾಗ ಇಟ್ಟಿಗೆ ಹೊರುವವರು ಇಳಿಸಿ ಕೈ ಮುಗಿಯುತ್ತಿದ್ದರು. ಮಂಡಳಿಯವರಿಗೆ ನಿಜ ಗೊತ್ತು. ಆದರೂ ಒಬ್ಬರು, "ಇರ್ಲಿ ಬಿಡ್ರಿ, ಮಂದೀಗೆ ಭಕ್ತಿ ಹೆಚ್ಚಾಗ್ತದ" ಅಂದರು. ಬಿಟ್ಟೆ. ನನಗೂ ಅದು ಕಹಿಯೇನೂ ಆಗಿರಲಿಲ್ಲ. ಹೆಂಡತಿಯೊಬ್ಬಳೇ, "ಮೂವತ್ತೈದು ವರ್ಷ ಆತು, ಈ ಮೂಕನ ಮಾತು ಕೇಳಿ ನನ್ನ ಕಿವಿ ತೂತಾಗ್ಯಾವ" ಅಂದಳು.

ಮುಂದಿನ ಸೋಮವಾರ ನಾನು ಮತ್ತೆ ಮೌನ ಹಿಡಿದೆ. ಹಟ ನನ್ನದು. ಸಂಜೆ ಗುಡಿಯಲ್ಲಿ ಕೂತಿದ್ದಾಗ ಆ ಹುಡುಗಿ ಬಂದಳು. ಕೂಸು ಹುಷಾರಾಗಿ ಕಂಕುಳಲ್ಲಿತ್ತು, ಅವಳ ಮೂಗುತಿಗೆ ಕೈ ಹಾಕುತ್ತಿತ್ತು. ಇನ್ನೊಂದು ಕೈಯಲ್ಲಿ ತೆಂಗಿನಕಾಯಿ.

"ನಿಮಗ ಬಾಯಿ ಬಂದದ್ದಕ್ಕ ಕಾಯಿ ಬೇಡಿಕೊಂಡಿದ್ದೆ ಮುತ್ಯಾ. ನಿಮ್ಮ ಕೈಲೇ ಒಡೀರಿ" ಎಂದು ಚಾಚಿದಳು.

ಮಂಡಳಿಯವರೆಲ್ಲ ನೋಡುತ್ತಿದ್ದರು. ಸುಮ್ಮನೆ ಕಾಯಿ ತೆಗೆದುಕೊಂಡು ಒಡೆದರೆ ಮುಗಿಯುತ್ತಿತ್ತು, ಮೌನವೂ ಉಳಿಯುತ್ತಿತ್ತು. ಆದರೆ ಆ ಕಾಯಿ ಮುಟ್ಟಲು ನನಗೆ ನಾಚಿಕೆಯಾಯಿತು.

"ನಾ ಮೂಕ ಅಲ್ಲ ಯವ್ವಾ" ಅಂದೆ. "ಸೋಮಾರ ಮಾತಾಡಂಗಿಲ್ಲ. ವ್ರತ."

ಆಕೆ ಕೂಸನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು. ಲೆಕ್ಕ ಹಾಕುತ್ತಿದ್ದಳು ಅಂತ ಕಾಣುತ್ತದೆ.

"ಅಂದ್ರ ಅವತ್ತ ನಿಮಗ ಮಾತ ಬರ್ತಿದ್ವೇನ್ರಿ?"

"ಬರ್ತಿದ್ವು."

"ಕೂಸ ಅಳೂದು ಕೇಳಸ್ತಿತ್ತೇನ್ರಿ?"

"ಕೇಳಸ್ತಿತ್ತು."

ಆಕೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು, ತಾನೇ ಹೋಗಿ ಕಲ್ಲಿಗೆ ಕಾಯಿ ಒಡೆದಳು. ಒಂದು ಹೋಳು ದೇವರ ಮುಂದಿಟ್ಟಳು, ಇನ್ನೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಚಪ್ಪಲಿ ಮೆಟ್ಟುವಾಗ ಒಮ್ಮೆ ನನ್ನ ಕಡೆ ನೋಡಿದಳು.

"ಸೋಮಾರ ದವಾಖಾನ್ಯಾಗ ಭಾಳ ಮಂದಿ ಇರ್ತಾರ್ರಿ ಮುತ್ಯಾ" ಅಂದಳು.

ಅದು ನನಗೆ ಒಂಬತ್ತು ವರ್ಷದಿಂದ ಗೊತ್ತಿತ್ತು.