ನೀರುನಾಯಿಗಳೆದುರು ಬಾಯಿ ಮುಚ್ಚಿ ಕೂತದ್ದು

ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತುವ ಮುಂಚೆಯೇ ಶುಭಕ್ಕ ಷರತ್ತು ಹಾಕಿದಳು: "ಅಲ್ಲಿ ಬಾಯಿ ಬಿಟ್ರೆ ನೀರಿಗೆ ತಳ್ತೀನಿ." ಶುಭಕ್ಕ ನನ್ನ ದೊಡ್ಡಪ್ಪನ ಮಗಳು, ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಶರಾವತಿ ಹಿನ್ನೀರಿನಲ್ಲಿ ತಾಯಿ ನೀರುನಾಯಿ ಮರಿಗಳಿಗೆ ಈಜು ಕಲಿಸುವುದನ್ನು ಅವಳು ವಿಡಿಯೊ ಮಾಡಿ ತರಬೇಕಿತ್ತು. ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಮಳೆ ಹಿಡಿದರೆ ನೀರು ಏರಿ ಬಿಲಗಳೆಲ್ಲ ಮುಳುಗುತ್ತವೆ, ಈ ವರ್ಷಕ್ಕೆ ಇದೇ ಕೊನೆಯ ಅವಕಾಶ. ಕ್ಯಾಮೆರಾ ಸ್ಟ್ಯಾಂಡ್ ಹೊರಲು ಒಂದು ಆಳು ಬೇಕಿತ್ತು. ನಮ್ಮೂರು ಮೇಳಿಗೆಯಲ್ಲಿ ಕೆಲಸವಿಲ್ಲದೆ ಊರವರ ದನಿಯನ್ನೆಲ್ಲ ಅಣಕಿಸಿಕೊಂಡಿದ್ದ ನಾನು ಸಿಕ್ಕಿದೆ.

"ಕಡಲಸಿಂಹ ತೋರ್ಸು, ಬೇಕಾದ್ರೆ ಮೂಟೆ ಹೊರ್ತೀನಿ" ಎಂದೆ. ಅವು ಬಂಡೆ ಮೇಲೆ ಬಿದ್ದುಕೊಂಡು ಒಂದರ ಮೇಲೊಂದು ಒದರುವುದನ್ನು ಮೊಬೈಲಿನಲ್ಲಿ ನೋಡಿ ಕಲಿತಿದ್ದೆ. ಊರಲ್ಲಿ ಮಾಡಿ ತೋರಿಸಿದಾಗ ಎಲ್ಲರೂ ಅದನ್ನು ಸೊಸೈಟಿ ಮೀಟಿಂಗ್ ಅಂದುಕೊಂಡಿದ್ದರು.

"ಅದಕ್ಕೆ ಪಾಸ್‌ಪೋರ್ಟ್ ಬೇಕು. ನೀರುನಾಯಿಗೆ ಹೊಸನಗರದ ಬಸ್ ಸಾಕು. ಹತ್ತು."

ಸರ್ಕಾರಿ ಬಸ್ಸಾಗಿದ್ದರೆ ಅವಳಿಗೆ ಟಿಕೆಟ್ಟೇ ಇರಲಿಲ್ಲ. ನಮ್ಮ ದಾರಿಯಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯ. ಕಂಡಕ್ಟರನ ದನಿ ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಒಡೆಯುತ್ತಿತ್ತು. ಹೊಸನಗರ ಬರುವಷ್ಟರಲ್ಲಿ ಅದು ನನಗೆ ಬಾಯಿಪಾಠವಾಗಿತ್ತು. ಅವನು ಚಹಾಕ್ಕೆ ಇಳಿದಾಗ, ಸರಿಯಾಗಿ ಬಂದಿದೆಯೋ ಇಲ್ಲವೋ ನೋಡೋಣ ಅಂತ ಒಂದೇ ಒಂದು ಸಲ "ರೈಟ್, ಹೋಗ್ಲಿ!" ಅಂದೆ. ಬಸ್ಸು ಹೊರಟೇಬಿಟ್ಟಿತು. ಕಂಡಕ್ಟರ್ ಕೈಯಲ್ಲಿ ಬನ್ನು ಹಿಡಿದುಕೊಂಡೇ ಓಡಿ ಬಂದು ಹತ್ತಿದ.

"ಯಾವನೋ ಅವ್ನು ರೈಟ್ ಅಂದಿದ್ದು?"

"ನೀನೇ ಅಂದ್ಯಲ ಮಾರಾಯ" ಎಂದ ಡ್ರೈವರ್, ತಿರುಗಿ ಕೂಡ ನೋಡದೆ.

ಹೊಸನಗರವನ್ನು ಜನ್ಮದಲ್ಲೇ ಕಂಡಿಲ್ಲದವನ ಹಾಗೆ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಶುಭಕ್ಕ ಚಿವುಟಿದ ಗುರುತು ಸಾಗರದಲ್ಲಿ ಮಸಾಲೆ ದೋಸೆ ತಿನ್ನುವಾಗಲೂ ಉರಿಯುತ್ತಿತ್ತು.

ಸಾಗರದಿಂದ ಇನ್ನೊಂದು ಬಸ್ಸು, ಕೊನೆಗೆ ಮಣ್ಣುದಾರಿಯ ನಡಿಗೆ. ಬಿಸಿಲು ತಲೆ ಕಾಯಿಸುತ್ತಿತ್ತು. ಮಂಜಪ್ಪ, ಲಲಿತಮ್ಮ ಎಂಬ ಗಂಡ ಹೆಂಡತಿಯ ಮನೆಯಲ್ಲಿ ನಮ್ಮ ಠಿಕಾಣಿ. ಮಂಜಪ್ಪನವರಿಗೆ ಒಂದು ದೋಣಿಯಿತ್ತು, ಅದನ್ನು ಬಿಟ್ಟರೆ ಜೀವವೆಲ್ಲ ಗೌರಿ ಎಂಬ ಎಮ್ಮೆಯ ಮೇಲೆ. ಅನ್ನ, ಏಡಿ ಸಾರು ಬಡಿಸುತ್ತ ಅವರು ಹೇಳಿದರು: "ಬೆಳಿಗ್ಗೆ ನಿಮ್ಮನ್ನ ನಡುಗಡ್ಡೇಲಿ ಬಿಡ್ತೀನಿ. ಅಲ್ಲಿ ಫೋನು ಹತ್ತಲ್ಲ. ಹೊತ್ತೇರಿದ ಮೇಲೆ ಇವ್ಳು ಈ ದಡದಿಂದ ಕೂ ಹಾಕ್ತಾಳೆ. ನೀವು ತಿರುಗಿ ಕೂ ಅನ್ಬೇಕು."

"ಅನ್ನದಿದ್ರೆ?"

"ಮುಳುಗಿದ್ರು ಅಂತ ಊರೇ ದೋಣಿ ಹತ್ಕಂಡ್ ಬತ್ತದೆ" ಎಂದರು ಲಲಿತಮ್ಮ.

ಶುಭಕ್ಕ ಬ್ಯಾಟರಿ ನೋಡುತ್ತ ಸುಮ್ಮನೆ ಹೂಂಗುಟ್ಟಿದಳು.

ಮರುದಿನ ನಾವಿಬ್ಬರೂ ನಡುಗಡ್ಡೆಯಲ್ಲಿ ಒಣಗಿದ ಮರದ ಬೊಡ್ಡೆಯ ಹಿಂದೆ ಬೋರಲು ಮಲಗಿದೆವು. ತಾಯಿ ನೀರುನಾಯಿ ಎದುರಿನ ಬಂಡೆಗೆ ಮೀನು ತಂದು ಹಾಕಿತು. ಮೂರು ಮರಿಗಳು. ಎರಡು ಕಿತ್ತಾಡುತ್ತಿದ್ದರೆ ದಪ್ಪ ಮರಿ ಮೀನನ್ನು ಎಳೆದುಕೊಂಡು, ನಮಗೆ ಬೆನ್ನು ಹಾಕಿ, ಮದುವೆ ಊಟದಲ್ಲಿ ನಮ್ಮ ಮಾವ ಹೋಳಿಗೆ ತಿನ್ನುವ ಗಾಂಭೀರ್ಯದಲ್ಲಿ ತಿಂದಿತು. ಮಾತು ಬಾಯಿತನಕ ಬಂತು, ಟವೆಲ್ ಕಚ್ಚಿ ನುಂಗಿದೆ. ಊಟ ಮುಗಿಸಿ ತಾಯಿ ನೀರಿಗಿಳಿದು ಸಣ್ಣಗೆ ಸಿಳ್ಳೆ ಹಾಕಿತು. ಮರಿಗಳು ಬಂಡೆಯಂಚಿಗೆ ಬಂದು ಪಾದ ಅದ್ದಿ ಹಿಂದೆ ಸರಿದವು. ಶುಭಕ್ಕ ಕ್ಯಾಮೆರಾದ ಗುಂಡಿ ಒತ್ತಿದಳು. ಪಾಠ ಈಗ ಶುರು.

"ಕೂ...!" ದಡದಿಂದ ಲಲಿತಮ್ಮ.

ದೂರದ ದನಿ, ನೀರುನಾಯಿ ಕಿವಿ ಮಾತ್ರ ಆಡಿಸಿತು. ಇಷ್ಟು ಹತ್ತಿರದಿಂದ ನಾವು ಕೂ ಅಂದರೆ ಅದು ಓಡುವುದು ಖಂಡಿತ. ಅನ್ನದಿದ್ದರೆ ಊರೇ ಬರುತ್ತದೆ. ಎರಡನೆಯ ಕೂ ಬಂತು, ಗಾಬರಿಯ ದನಿಯಲ್ಲಿ.

"ಏನಾದ್ರೂ ಮಾಡೋ" ಎಂದು ಶುಭಕ್ಕ ತುಟಿಯಲ್ಲೇ ಅಂದಳು.

ಇಲ್ಲಿ ದಿನವೂ ಎಮ್ಮೆ ಮೀಯುತ್ತವೆ, ಎಮ್ಮೆಗೆ ಇವು ಹೆದರಲಾರವು. ಹಿಂದಿನ ದಿನ ಊಟಕ್ಕೆ ಕೂತಾಗ ನನ್ನ ಅಣಕ ಕೇಳಿದ್ದರಿಂದ, ಇದು ಆ ಪೋಕರಿಯದ್ದೇ ದನಿ ಅಂತ ದಡದವರಿಗೂ ಗೊತ್ತಾಗುತ್ತದೆ. ಹೀಗೆ ಲೆಕ್ಕ ಹಾಕಿ ಹೊಟ್ಟೆಯಾಳದಿಂದ ಎಮ್ಮೆಯ ಹಾಗೆ ಒದರಿದೆ. ನೀರುನಾಯಿ ತಿರುಗಿಯೂ ನೋಡಲಿಲ್ಲ. ಕೂ ನಿಂತಿತು. ನಾನು ಹುಟ್ಟಿದಾಗಿನಿಂದ ಮೊದಲ ಬಾರಿಗೆ ಶುಭಕ್ಕ ನನ್ನ ಬೆನ್ನು ತಟ್ಟಿದಳು.

"ಗೌರೀ! ಅಲ್ಲಿಗೆ ಹೋದ್ಯೇನೇ, ಮುಂಡೇದೇ!" ದಡದಿಂದ ಮಂಜಪ್ಪನವರ ಕೂಗು.

ಚಿಗುರು ಹುಲ್ಲಿಗಾಗಿ ನಡುಗಡ್ಡೆಗೆ ಈಜುವ ಚಾಳಿ ಗೌರಿಗಿತ್ತಂತೆ. ಮಂಜಪ್ಪ ಹೆಗಲಿಗೆ ಹಗ್ಗ ಹಾಕಿಕೊಂಡು, ಬಾ ಬಾ ಅನ್ನುತ್ತ, ದೋಣಿ ಹುಟ್ಟು ಹಾಕಿ ಬಂದೇಬಿಟ್ಟರು. ತಾಯಿ ಒಂದು ಮರಿಯ ಕುತ್ತಿಗೆ ಕಚ್ಚಿ ನೀರಿಗೆ ಹಾರಿತು. ಮತ್ತೆ ಬಂದು ಇನ್ನೊಂದನ್ನು ಒಯ್ದಿತು. ಅಷ್ಟರಲ್ಲಿ ದೋಣಿ ಬಂಡೆಯ ಹತ್ತಿರವೇ ಬಂದಿತ್ತು. ದಪ್ಪ ಮರಿ ಒಂಟಿಯಾಗಿ ಕ್ವೀಂ ಕ್ವೀಂ ಎನ್ನುತ್ತಿತ್ತು.

ಶುಭಕ್ಕ ಎರಡೂ ಕೈ ಎತ್ತಿ ನಿಂತಳು. ಮಂಜಪ್ಪ ಮರಿಯನ್ನು ಕಂಡರು, ಹುಟ್ಟು ಮೇಲೆತ್ತಿ ಹಿಡಿದರು. ದೋಣಿ ತಾನಾಗಿ ತೇಲಿ ಹಿಂದೆ ಸರಿಯಿತು. ತಾಯಿಯ ಸುಳಿವಿಲ್ಲ. ಅದರ ಸಿಳ್ಳೆ ನನ್ನ ನಾಲಗೆ ತುದಿಯಲ್ಲಿತ್ತು. ನಾನು ಹಾಕಿದರೆ ಮರಿ ನನ್ನ ಕಡೆಗೇ ಬರುತ್ತಿತ್ತು, ಆಮೇಲೆ ಅದರ ಗತಿ ಏನು? ಶುಭಕ್ಕ ನನ್ನನ್ನೇ ನೋಡಿದಳು. ಟವೆಲನ್ನು ಮತ್ತೆ ಬಾಯಿಗೆ ತುರುಕಿಕೊಂಡೆ.

ನೀರಿನ ನಡುವೆ ತಲೆಯೊಂದು ಎದ್ದಿತು. ನಮ್ಮನ್ನು ನೋಡಿತು, ಮರಿಯನ್ನು ನೋಡಿತು, ಬಂತು. ಮರಿ ಬಂಡೆ ತಬ್ಬಿಕೊಂಡು ಹಟ ಹಿಡಿಯಿತು. ತಾಯಿ ಎಳೆದು ನೀರಿಗೆ ಕೆಡವಿ ಬಿಟ್ಟುಬಿಟ್ಟಿತು. ಮರಿ ಮುಳುಗಿತು, ಎದ್ದಿತು, ಸೀನಿತು, ಕಾಲು ಬಡಿಯಿತು. ಮುಂದೆ ತಾಯಿ, ಹಿಂದೆ ಅದು, ಆಚೆ ದಡದ ಬೇರುಗಳ ನಡುವೆ ಮರೆಯಾದವು.

"ಸಿಕ್ತಾ?" ಎಂದೆ.

ಶುಭಕ್ಕ ಕ್ಯಾಮೆರಾ ನೋಡಿ ಕಣ್ಣೊರೆಸಿಕೊಂಡಳು. "ಸಿಕ್ತು. ಆದ್ರೆ ಅವನ್ನ ಮನೆ ಬಿಡ್ಸಿದ್ವಲ್ಲೋ. ಇನ್ನು ಈ ಕಡೆ ಕಾಲಿಡಲ್ಲ."

ಮಂಜಪ್ಪ ನಮ್ಮನ್ನು ದೋಣಿ ಹತ್ತಿಸಿಕೊಂಡು ವಾಪಸು ಬಂದರು. ದಡದಲ್ಲಿ ಲಲಿತಮ್ಮ ನಿಂತಿದ್ದರು, ಪಕ್ಕದಲ್ಲಿ ಗೌರಿ ಮೆಲುಕು ಹಾಕುತ್ತಿದ್ದಳು.

"ಇವ್ಳು ಗದ್ದೇಲೇ ಇದ್ಲು ಕಣ್ರೀ. ಮತ್ತೆ ನೀವ್ಯಾರನ್ನ ಹಿಡ್ಕಂಡ್ ಬಂದ್ರಿ?"

ಮಂಜಪ್ಪ ಹಗ್ಗವನ್ನು ನನ್ನ ಹೆಗಲ ಮೇಲೆ ಎಸೆದರು. "ಇನ್ನೊಂದು ಸಿಕ್ತು. ಹಾಲು ಕೊಡಲ್ಲ, ಬರೀ ಒದರ್ತದೆ."

ಗೌರಿ ಹತ್ತಿರ ಬಂದು ನನ್ನನ್ನೊಮ್ಮೆ ಮೂಸಿದಳು, ಆಮೇಲೆ ಮುಖ ತಿರುಗಿಸಿ ಕೊಟ್ಟಿಗೆಗೆ ಹೊರಟುಹೋದಳು.