ಬಾಟಲಿ ಅಕ್ಕ ಮತ್ತು ನಿಂತುಹೋದ ನಾಲ್ಕು ಬಾವಿಗಳು

ಎಣ್ಣೆ ಕಂಪನಿಯ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದ ಅವಳನ್ನು ಎಲ್ಲರೂ ಬಾಟಲಿ ಅಕ್ಕ ಎಂದೇ ಕರೆಯುತ್ತಿದ್ದರು. ಬಾವಿಗಳಿಂದ ಬಂದ ಕಚ್ಚಾ ಎಣ್ಣೆಯನ್ನು ದಿನಾ ಬೆಳಿಗ್ಗೆ ಬಾಟಲಿಗಳಲ್ಲಿ ತರುತ್ತಿದ್ದರು. ಅದರಲ್ಲಿ ಎಣ್ಣೆ ಎಷ್ಟು, ನೀರೆಷ್ಟು ಎಂದು ನೋಡಿ ಬರೆದಿಡುವುದು ಅವಳ ಕೆಲಸ. ಬಾಟಲಿ ಬೆಳಕಿಗೆ ಹಿಡಿದರೆ ಸಾಕು, ಯಾವ ಬಾವಿಯದ್ದೆಂದು ಹೇಳಿಬಿಡುತ್ತಿದ್ದಳು. ಕಂಪನಿ ಚಿಕ್ಕದು, ಒಟ್ಟು ಒಂಬತ್ತೇ ಬಾವಿ. ಶುರುವಿನಲ್ಲಿ ಕೆಲಸಗಾರರಿಗೆಲ್ಲ ಒಂದಿಷ್ಟು ಶೇರು ಹಂಚಿದ್ದರಿಂದ, ನಿವೃತ್ತಿಯಾದ ಮೇಲೂ ಅವಳು ಕಂಪನಿಯ ಪಾಲುದಾರಳೇ.

ಅವಳು ಕೆಲಸ ಬಿಟ್ಟ ಮೂರನೇ ವರ್ಷ ನಾಲ್ಕು ಬಾವಿ ನಿಂತವು. ಪಂಪು ಕೆಟ್ಟಿವೆ, ಸರಿಮಾಡಿಸಲು ಮೇಲಿನವರಿಗೆ ಮನಸ್ಸಿಲ್ಲ ಎಂದು ಪಂಪ್ ಮೇಸ್ತ್ರಿ ಗುಟ್ಟಾಗಿ ಹೇಳಿದ. ವಾರ್ಷಿಕ ವರದಿಯಲ್ಲಿ ಮಾತ್ರ ಬಾವಿಗಳು ಬರಿದಾಗಿವೆ ಎಂದಿತ್ತು. ಅದರ ಮುಖಪುಟದ ತುಂಬ ಹೊಸ ಗಾಜಿನ ಕಚೇರಿಯ ಬಣ್ಣದ ಚಿತ್ರ.

"ಏಳನೇ ಬಾವಿ ಬರಿದಾಯ್ತಂತೆ ರೀ!" ಎಂದು ಗಂಡನ ಮುಂದೆ ಕಿಡಿಕಾರಿದಳು. "ಯಾರ ಕಿವಿಗೆ ಹೂವು ಇಡ್ತಿದ್ದಾರೆ ಇವರು?"

ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿನ ಮಸೂರ ತೆಗೆಯದೆ, "ನನ್ನನ್ನ ಕೇಳಿದ್ರೆ? ವರ್ಷದ ಪಾಲುದಾರರ ಸಭೆ ಇದೆಯಲ್ಲ, ಅಲ್ಲಿ ಕೇಳು" ಅಂದ.

ಕೇಳಿದಳು. ಕಂಪನಿ ಅಧ್ಯಕ್ಷರು ನಗುಮೊಗದಿಂದಲೇ, "ಬರವಣಿಗೆಯಲ್ಲಿ ಕೊಡಿ, ಮೇಡಂ" ಎಂದರು. ಬರೆದುಕೊಟ್ಟಳು. ಐದು ತಿಂಗಳಿಗೆ ಬಂದ ಉತ್ತರ ಒಂದೇ ಸಾಲು: ನಿಮ್ಮ ಅಭಿಪ್ರಾಯವನ್ನು ಗಮನಿಸಲಾಗಿದೆ. ಮರುವರ್ಷ ಸಭೆಯನ್ನು ಬೆಳಿಗ್ಗೆ ಏಳಕ್ಕೇ ಇಟ್ಟರು. ಅವಳು ಮೊದಲ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಕುರ್ಚಿ ಎತ್ತಿಡುತ್ತಿದ್ದರು.

ಅವತ್ತು ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಕಂಪನಿಯ ನಿಯಮಗಳ ಪುಸ್ತಕ ತರಿಸಿ ಅಡುಗೆಮನೆಯಲ್ಲೇ ಕೂತು ಮೊದಲಿಂದ ಕೊನೆವರೆಗೆ ಓದಿದಳು. ಒಟ್ಟು ಶೇರಿನಲ್ಲಿ ಹತ್ತರಲ್ಲೊಂದು ಪಾಲು ಇರುವವರು ರುಜು ಹಾಕಿದರೆ ವಿಶೇಷ ಸಭೆ ಕರೆಯಲೇಬೇಕು ಎಂದಿತ್ತು. ಮಾರನೇ ದಿನದಿಂದ ಹಳೆಯ ಸಹೋದ್ಯೋಗಿಗಳ ಮನೆಮನೆ ತಿರುಗಿದಳು.

"ಅಕ್ಕಾ, ಆ ಶೇರು ಪತ್ರದ ಮೇಲೆ ಮೊಮ್ಮಗಳು ಬಾತುಕೋಳಿ ಬರೆದುಬಿಟ್ಟಿದ್ದಾಳೆ" ಎಂದು ಹಳೇ ಟ್ಯಾಂಕರ್ ಡ್ರೈವರ್ ತಲೆ ಕೆರೆದುಕೊಂಡ.

"ಇರಲಿ ಬಿಡೋ, ಬಾತುಕೋಳಿ ಪಕ್ಕ ನಿನ್ನ ಹೆಸರೂ ಇದೆಯಲ್ಲ. ಇಲ್ಲಿ ರುಜು ಹಾಕು."

ಪಂಪ್ ಮೇಸ್ತ್ರಿ ಮಾತ್ರ ಹಿಂದೆಗೆದ. "ನಾನಿನ್ನೂ ಕೆಲಸದಲ್ಲಿದ್ದೀನಕ್ಕಾ..." ಎಂದು ಕಾಗದವನ್ನು ಅವಳತ್ತ ಸರಿಸಿದ. ಅವಳಿಗೆ ಬೇಸರವಾಯಿತು, ಆದರೂ, "ನಿನ್ನ ಅನ್ನಕ್ಕೆ ನಾನು ಕಲ್ಲು ಹಾಕಲ್ಲಪ್ಪ" ಎಂದು ಎದ್ದುಬಂದಳು. ಚಪ್ಪಲಿ ಎರಡು ಸಲ ಹೊಲಿಸಿದ ಮೇಲೆ ರುಜುಗಳು ಸಾಕಷ್ಟಾದವು.

ವಿಶೇಷ ಸಭೆಯ ದಿನ ಕೂರಲು ಜಾಗವಿರಲಿಲ್ಲ. ಬಾವಿ ಬರಿದಾಗಿವೆ ಎಂಬ ಅದೇ ಹಳೇ ರಾಗವನ್ನು ಅಧ್ಯಕ್ಷರು ಎಳೆದರು. ಅವಳು ಎದ್ದುನಿಂತಳು. 

"ಒಂದೇ ಪ್ರಶ್ನೆ. ಆ ನಾಲ್ಕು ಬಾವಿಗಳಲ್ಲಿ ಎಣ್ಣೆ ಎಷ್ಟಿದೆ ಅಂತ ಕೊನೇ ಸಲ ಅಳೆದದ್ದು ಯಾವತ್ತು?"

ಅಧ್ಯಕ್ಷರು ಪಕ್ಕದಲ್ಲಿದ್ದ ಕಂಪನಿಯ ಎಂಜಿನಿಯರ್ ಕಡೆ ನೋಡಿದರು. ಎಂಜಿನಿಯರ್ ಮೇಜು ನೋಡಿದ. ಕೊನೆಗೆ, "ಪಂಪು ನಿಂತಮೇಲೆ ಅಳೆದಿಲ್ಲ" ಎಂದ.

ಸಭೆಯಲ್ಲೆಲ್ಲ ಗುಲ್ಲೆದ್ದಿತು. ಆದರೂ ಅಧ್ಯಕ್ಷರನ್ನು ಇಳಿಸುವ ಗೊತ್ತುವಳಿ ಬಿದ್ದುಹೋಯಿತು. ಅರ್ಧಕ್ಕರ್ಧ ಶೇರು ಅವರ ಮನೆಯವರ ಕೈಯಲ್ಲೇ ಇತ್ತಲ್ಲ. ಬಾವಿಗಳನ್ನು ಪರೀಕ್ಷಿಸಬೇಕು, ಸಣ್ಣ ಪಾಲುದಾರರಿಗೆ ಆಡಳಿತ ಮಂಡಳಿಯಲ್ಲೊಂದು ಕುರ್ಚಿ ಕೊಡಬೇಕು ಎಂಬ ಎರಡು ಗೊತ್ತುವಳಿಗೆ ಮಾತ್ರ, ಅಷ್ಟು ಜನ ನೋಡುತ್ತಿರುವಾಗ, ಒಲ್ಲೆ ಎನ್ನಲು ಶೇರು ಹಿಡಿದು ಕೂತಿದ್ದ ಅವರ ಭಾವಮೈದುನನಿಗೂ ಬಾಯಿ ಬರಲಿಲ್ಲ.

ಪಂಪು ರಿಪೇರಿಯಾಗಿ ಮೂರು ಬಾವಿ ಮತ್ತೆ ಎಣ್ಣೆ ಕೊಟ್ಟವು. ಅವಳು ಅಷ್ಟು ನಂಬಿದ್ದ ಏಳನೆಯದು ನಿಜಕ್ಕೂ ಬತ್ತಿಹೋಗಿತ್ತು. "ಅದರಲ್ಲಿ ನನ್ನದೇ ತಪ್ಪು" ಎಂದು ಎಲ್ಲರೆದುರೂ ಒಪ್ಪಿಕೊಂಡಳು.

ಆ ಕುರ್ಚಿಗೆ ಅವಳನ್ನೇ ಆರಿಸಿದರು. ಮೊದಲ ದಿನವೇ ಎಲ್ಲ ಬಾವಿಗಳ ದಿನದ ಲೆಕ್ಕ ಕೇಳಿದಳು.

"ಆಮೇಲೆ ಕಳಿಸ್ತೀವಿ, ಮೇಡಂ" ಎಂದರು ಅಧ್ಯಕ್ಷರು.

"ಪರವಾಗಿಲ್ಲ ಸಾರ್, ಬರೋವರೆಗೂ ಕೂತಿರ್ತೀನಿ" ಎಂದು ಕೈಚೀಲದಿಂದ ಊಟದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

ಮಧ್ಯಾಹ್ನ ಎರಡರ ಹೊತ್ತಿಗೆ ಲೆಕ್ಕ ಬಂತು.